ಕನಕಮ್ಮನವರ ಬಚ್ಚಲ ಚಿಲಕ

ನೀವು ಓದುವ ಪುಸ್ತಕಗಳಲ್ಲಿ ಮೊಣಕಾಲಿನ ಚಿತ್ರ ಇರುತ್ತದೆ. ಮೂಳೆ, ಸ್ನಾಯು, ನರ ಎಲ್ಲಕ್ಕೂ ಬಾಣ ಹಾಕಿ ಹೆಸರು ಬರೆದಿರುತ್ತಾರೆ. ಆದರೆ ಒಂಬತ್ತು ಗಜದ ಸೀರೆಯೊಳಗೆ ಕೂತು “ಮುಟ್ಬೇಡ ಕಣಮ್ಮ, ನಾನಿನ್ನೂ ಮಡೀಲಿದೀನಿ” ಎನ್ನುವ ಮೊಣಕಾಲಿನ ಚಿತ್ರ ಯಾವ ಪುಸ್ತಕದಲ್ಲೂ ಇಲ್ಲ. ಮೈಸೂರಿನಲ್ಲಿ ನಾನು ದುಡಿದ ವರ್ಷಗಳೆಲ್ಲ ಕಳೆದದ್ದು ಈ ಎರಡನೆಯ ಬಗೆಯ ಮೊಣಕಾಲುಗಳ ಜೊತೆಯಲ್ಲಿ. ಫಿಸಿಯೋಥೆರಪಿ ಓದಿ ಹೊಸದಾಗಿ ಕೆಲಸಕ್ಕೆ ಬರುತ್ತಿರುವವರು “ನಿಮ್ಮ ಅನುಭವ ಹೇಳಿ ಮೇಡಂ” ಎಂದು ಕೇಳುತ್ತಿರುತ್ತೀರಿ. ಹೇಳುತ್ತೇನೆ. ನಗು ಬಂದರೆ ತಡೆದುಕೊಳ್ಳಬೇಡಿ, ನನಗೆ ಬರೆಯುವಾಗಲೇ ತಡೆಯಲಾಗುತ್ತಿಲ್ಲ.

ನನ್ನ ಹೆಸರು ಮಂಜುಳಾ. ಹುಟ್ಟಿದ್ದು ಮಂಡಕಳ್ಳಿಯ ಮಗ್ಗುಲಿನ ಹಳ್ಳಿಯಲ್ಲಿ. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಕಡೆ ಈಗ ವಿಮಾನ ಇಳಿಯುತ್ತದೆ. ಅದಕ್ಕೆ ನನಗೆ ಬೇಜಾರೇನೂ ಇಲ್ಲ, ವಿಮಾನ ನೋಡುವುದಕ್ಕೆ ಚೆನ್ನಾಗಿಯೇ ಇರುತ್ತದೆ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ, ಆಮೇಲೆ ಮನೆಮನೆಗೆ ಹೋಗಿ ವಯಸ್ಸಾದವರಿಗೆ ವ್ಯಾಯಾಮ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಯಾರಿಗೂ ಬೇಡವಾಗಿದ್ದ ಕೆಲಸ ಅದು. ನನಗಂತೂ ಹಬ್ಬವಾಯಿತು. ಆಸ್ಪತ್ರೆಯಲ್ಲಿ ರೋಗಿಗಳು ಸಿಗುತ್ತಾರೆ, ಮನೆಗಳಲ್ಲಿ ಮನುಷ್ಯರು ಸಿಗುತ್ತಾರೆ, ಕಾಫಿಯೂ ಸಿಗುತ್ತದೆ.

ನನ್ನ ಮೊದಲ ಮೇಲಧಿಕಾರಿಗೆ ನಂಬಿಕೆ ಇದ್ದದ್ದು ಎರಡೇ ಮದ್ದಿನ ಮೇಲೆ. ಒಂದು ನೋವಿರುವ ಕಡೆ ಹಚ್ಚುವ ಬಿಸಿ ಮೇಣ, ಇನ್ನೊಂದು ವಿಶ್ರಾಂತಿ. ಎಂಬತ್ತು ದಾಟಿದವರು ಬಂದರೆ ಮೇಣ ಕೂಡ ಇಲ್ಲ. “ವಯಸ್ಸಾದೋರು ಕಣ್ರೀ, ಮಲಗ್ಲಿ ಬಿಡಿ” ಎನ್ನುತ್ತಿದ್ದರು. ಮಲಗಿದವರು ಮಲಗಿಯೇ ಇರುತ್ತಿದ್ದರು. ಕಾಲ ಬದಲಾಯಿತು, ಎಷ್ಟೇ ವಯಸ್ಸಾಗಿರಲಿ ಎಬ್ಬಿಸಿ ನಿಲ್ಲಿಸಿ ಎನ್ನುವ ಪದ್ಧತಿ ಬಂತು. ಆ ಸಾಹೇಬರು ನಿವೃತ್ತರಾಗಿ ಎಷ್ಟೋ ಕಾಲದ ಮೇಲೆ ನನಗೆ ಫೋನ್ ಮಾಡಿದರು. “ಮಂಜುಳಾ, ಸೋಫಾದಿಂದ ಏಳಕ್ಕಾಗ್ತಿಲ್ಲ ಕಣಮ್ಮ.”

“ವಯಸ್ಸಾಯ್ತು ಸಾರ್, ಮಲಗಿ ಬುಡಿ” ಎಂದೆ.

ಆಮೇಲೆ ಇಬ್ಬರೂ ನಕ್ಕದ್ದೇ ನಕ್ಕದ್ದು. ಮಾರನೆಯ ಬೆಳಿಗ್ಗೆ ಹೋಗಿ ಅವರನ್ನು ಎಬ್ಬಿಸಿ ಅಂಗಳ ಸುತ್ತಿಸಿದೆ. “ನಿನ್ನ ಕೆಲಸದಿಂದ ತೆಗೆದು ಹಾಕ್ಬೇಕಾಗಿತ್ತು” ಎಂದು ಬೈಯುತ್ತಲೇ ಸುತ್ತಿದರು.

ಇನ್ನೊಂದು ಬದಲಾವಣೆ ಎಂದರೆ ವಿಟಮಿನ್ ಡಿ. ನಾವು ಓದುವಾಗ ಅದು ಮಕ್ಕಳ ಸೊಟ್ಟಗಾಲಿನ ಪಾಠದಲ್ಲಿ ಬಂದು ಹೋಗುತ್ತಿತ್ತು, ಅಷ್ಟೆ. ಮುದುಕರಿಗೂ ಅದಕ್ಕೂ ಸಂಬಂಧವಿದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ರಕ್ತಪರೀಕ್ಷೆ ಸುಲಭವಾಗಿ ಆಗತೊಡಗಿದ ಮೇಲೆ ನೋಡಿದರೆ, ನಮ್ಮ ಬಹುಪಾಲು ಅಜ್ಜಿ ತಾತಂದಿರಲ್ಲಿ ಅದು ತಳ ಹಿಡಿದಿತ್ತು. ಬಿಸಿಲಿನ ಊರಿನಲ್ಲಿದ್ದುಕೊಂಡು ಬಿಸಿಲಿನ ಬರ! ಅದು ತೀರ ಕಡಿಮೆಯಾದರೆ ಮೂಳೆ ಸೊರಗುವುದಲ್ಲದೆ ತೊಡೆಯ ಕಸುವೂ ಹೋಗುತ್ತದೆ. ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು, ಜಾರಿದಾಗ ಸಾವರಿಸಿಕೊಳ್ಳುವುದು, ಎಲ್ಲಕ್ಕೂ ತೊಡೆಯೇ ಬೇಕು. ಹಾಗೆಂದು ಡಿ ನುಂಗಿದ ಮಾತ್ರಕ್ಕೆ ಯಾರೂ ಎದ್ದು ಕುಣಿಯುವುದಿಲ್ಲ. ಕೊರತೆಯಿದ್ದವರಿಗೆ ಕೊರತೆ ತುಂಬಬೇಕು, ಜೊತೆಗೆ ಕಾಲಿಗೆ ದಿನವೂ ಕೆಲಸ ಕೊಡಬೇಕು.

ಬಿಸಿಲಿಗೆ ಕೂರಿ ಎಂದರೆ ನಮ್ಮ ಜನ ಹೇಗೆ ಕೂರುತ್ತಾರೆ ಎನ್ನುವುದನ್ನು ಕಾಲೇಜಿನಲ್ಲಿ ಕಲಿಸುವುದಿಲ್ಲ. ಲಕ್ಷ್ಮೀಪುರಂನಲ್ಲಿ ನಿವೃತ್ತ ಪ್ರೊಫೆಸರೊಬ್ಬರಿದ್ದರು. “ದಿನಾ ತಪ್ಪದೆ ಬಿಸಿಲಿಗೆ ಕೂತ್ಕೋತೀನಮ್ಮ, ಆದರೂ ಡಿ ಏರ್ತಾ ಇಲ್ಲ” ಎಂದು ಗೋಳಾಡಿದರು. ಒಂದು ಬೆಳಿಗ್ಗೆ ಹೋಗಿ ನೋಡಿದೆ. ಹೊತ್ತು ಇನ್ನೂ ಸರಿಯಾಗಿ ಮೂಡಿಲ್ಲ. ಮುಚ್ಚಿದ ಗಾಜಿನ ಕಿಟಕಿಯ ಹಿಂದೆ, ಉಲ್ಲನ್ ಸ್ವೆಟರು, ಶಾಲು, ಕಾಲುಚೀಲ, ಕೈಗವಸು, ಮಂಕಿ ಕ್ಯಾಪು ಹಾಕಿಕೊಂಡು ಸೂರ್ಯನಿಗಾಗಿ ಕಾದಿದ್ದರು. ಬಿಸಿಲು ಬಂದರೂ ಅವರ ಮೈಯಲ್ಲಿ ಅದಕ್ಕೆ ಇಳಿಯಲು ಜಾಗವೇ ಇರಲಿಲ್ಲ. ಗಾಜಿನ ಮೂಲಕ ಬರುವ ಬಿಸಿಲಿನಿಂದ ಡಿ ಆಗುವುದಿಲ್ಲ, ಹೊತ್ತು ಚೆನ್ನಾಗಿ ಏರಿದ ಮೇಲೆ ಕೈಕಾಲು ಬಿಟ್ಟುಕೊಂಡು ಹೊರಗೆ ಸ್ವಲ್ಪ ಹೊತ್ತು ಕೂರಬೇಕು ಎಂದು ವಿವರಿಸಿದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ನಾನು ಸ್ಕೂಟರಿನಲ್ಲಿ ಬಂದವಳು. ಹೆಲ್ಮೆಟ್ಟು, ಅದರೊಳಗೆ ಸ್ಕಾರ್ಫು, ಉದ್ದ ತೋಳಿನ ಕೋಟು, ಗ್ಲೌಸು. ಬಿಸಿಲಿಗೆ ಕಾಣುತ್ತಿದ್ದದ್ದು ಮೂಗಿನ ತುದಿ ಮಾತ್ರ.

“ನಿನ್ನ ಡಿ ಎಷ್ಟಿದೆಯಮ್ಮ?” ಎಂದರು. ನಾನು ಮಾತು ಬದಲಾಯಿಸಿದೆ.

ಇನ್ನು ಕನಕಮ್ಮನವರ ವಿಷಯಕ್ಕೆ ಬರುತ್ತೇನೆ. ನಾನು ನಿವೃತ್ತಳಾಗುವ ಹಿಂದಿನ ದೀಪಾವಳಿ ಕಳೆದ ಮೇಲೆ ಶುರುವಾದ ಕೇಸು ಅದು. ಅಗ್ರಹಾರದ ಒಂದು ಸಣ್ಣ ಬೀದಿಯಲ್ಲಿ ಮನೆ. ಕನಕಮ್ಮನವರಿಗೆ ತೊಂಬತ್ತು ದಾಟಿತ್ತು. ಬುದ್ಧಿ ಚುರುಕು, ಬಾಯಿ ಅದಕ್ಕಿಂತ ಚುರುಕು, ಕಾಲು ಮಾತ್ರ ಕೈಕೊಟ್ಟಿತ್ತು. ಮೊದಲೆಲ್ಲ ಅವರು ಜಗಲಿಯ ಮೇಲೆ ಬಿಸಿಲಿಗೆ ಕೂತು ಹೂ ಕಟ್ಟುತ್ತಿದ್ದರಂತೆ. ಎದುರು ಮನೆಯವರು ಮಹಡಿಯ ಮೇಲೆ ಮಹಡಿ ಎಬ್ಬಿಸಿ ಆ ಬಿಸಿಲನ್ನು ತಮ್ಮ ಕಡೆಗೇ ಇಟ್ಟುಕೊಂಡರು. ಉಳಿದದ್ದು ತಾರಸಿ. ಅಲ್ಲಿಗೆ ಹೋಗಲು ಕಡಿದಾದ ಮೆಟ್ಟಿಲು.

ಮಗ ನಾಗರಾಜ ಸಾರ್, ಎಪ್ಪತ್ತರ ಆಸುಪಾಸು. ವಿಮೆ ಕಚೇರಿಯಲ್ಲಿದ್ದು ನಿವೃತ್ತರಾದವರು. ಜನ ಎಲ್ಲೆಲ್ಲಿ ಹೇಗೆ ಹೇಗೆ ಬೀಳುತ್ತಾರೆ ಎಂದು ಜೀವಮಾನವೆಲ್ಲ ಓದಿ ಓದಿ, ಮನೆಯಲ್ಲಿ ಯಾರಾದರೂ ಕಾಲೆತ್ತಿದರೆ ಅವರ ಎದೆ ಹೊಡೆದುಕೊಳ್ಳುತ್ತಿತ್ತು. ಸೊಸೆ ವತ್ಸಲಾ ಅದಕ್ಕೆ ತದ್ವಿರುದ್ಧ, ಯಾವುದಕ್ಕೂ ಹೆದರದ ನಗುಮುಖದ ಹೆಂಗಸು. ಅತ್ತೆ ಸೊಸೆಗೆ ಪ್ರಾಣ ಸ್ನೇಹ. ಸೇರಿಕೊಂಡು ನಾಗರಾಜ ಸಾರ್ ಅವರನ್ನು ಗೇಲಿ ಮಾಡುವುದು ಅವರಿಬ್ಬರ ನಿತ್ಯದ ಕಾರ್ಯಕ್ರಮ.

ಒಂದು ಬೆಳಿಗ್ಗೆ ಕನಕಮ್ಮ ಬಚ್ಚಲಲ್ಲಿ ಜಾರಿ ಕೂತುಬಿಟ್ಟಿದ್ದರು. ಮೂಳೆ ಮುರಿದಿರಲಿಲ್ಲ, ಆದರೆ ಎದ್ದೇಳಲು ಆಗಲಿಲ್ಲ. ಒಳಗಿನಿಂದ ಚಿಲಕ ಹಾಕಿತ್ತು. ಹೊರಗೆ ನಾಗರಾಜ ಸಾರ್ “ಅಮ್ಮಾ, ಅಮ್ಮಾ” ಎಂದು ಕೂಗುತ್ತ ಬಾಗಿಲು ಒಡೆಯಬೇಕಾಯಿತು. ಅಂದೇ ಅವರು ಆ ಚಿಲಕ ಕಿತ್ತು ಜುಬ್ಬದ ಜೇಬಿಗೆ ಹಾಕಿಕೊಂಡರು. ಬೇರೆಲ್ಲಿ ಇಟ್ಟರೂ ಅಮ್ಮ ಹುಡುಕಿ ಬಡಗಿಯನ್ನು ಕರೆಸುತ್ತಾರೆ ಎಂಬ ಭಯಕ್ಕೆ, ಅದು ಜೇಬಿನಲ್ಲೇ ಓಡಾಡುತ್ತಿತ್ತು. ತಾರಸಿಯ ಬಾಗಿಲಿಗೆ ಬೀಗ ಬಿತ್ತು. ಬಿದ್ದದ್ದು ಬಚ್ಚಲಲ್ಲಿ, ತಾರಸಿ ಏನು ಮಾಡಿತ್ತು ಎಂದು ಅತ್ತೆ ಸೊಸೆ ಇಬ್ಬರೂ ಕೇಳಿದರು. ಬೀಗ ಹಾಗೇ ಇತ್ತು.

ಜೊತೆಗೆ ಒಂದು ಕಾನೂನೂ ಬಂತು. ಅಮ್ಮ ಬಚ್ಚಲಿಗೆ ಹೋದರೆ ಬಾಗಿಲು ಓರೆ ಇರಬೇಕು, ಹೊರಗೊಬ್ಬರು ನಿಂತಿರಬೇಕು, ಒಳಗಿರುವಷ್ಟು ಹೊತ್ತೂ ಅಮ್ಮ ಏನಾದರೂ ಮಾತಾಡುತ್ತಲೇ ಇರಬೇಕು. ಮಾತು ನಿಂತರೆ ಒಳಗೆ ನುಗ್ಗುವುದು. ಬಚ್ಚಲಲ್ಲಿ ದೇವರ ಹೆಸರು ಹೇಳುವ ಹಾಗಿಲ್ಲ, ಊರ ಸುದ್ದಿ ಹೇಳಿದರೆ ಬೀದಿಗೆ ಕೇಳಿಸುತ್ತದೆ. ಹಾಗಾಗಿ ಕನಕಮ್ಮ ತರಕಾರಿಗಳ ಹೆಸರು ಹೇಳತೊಡಗಿದರು. ನಾನು ಮೊದಲ ದಿನ ಆ ಮನೆಗೆ ಕಾಲಿಟ್ಟಾಗ ಹಿತ್ತಲ ಕಡೆಯಿಂದ “ಬದನೆಕಾಯೀ... ಹೀರೇಕಾಯೀ... ಸೋರೇಕಾಯೀ...” ಎಂದು ದೊಡ್ಡ ದನಿ ಕೇಳಿಸಿತು. ತರಕಾರಿ ಗಾಡಿ ಹಿತ್ತಲಿಗೂ ಬರುತ್ತದೇನೋ ಎಂದುಕೊಂಡೆ.

ಹೊರಗೆ ಬಂದವರು ನನ್ನನ್ನು ನೋಡಿ ಹೇಳಿದ ಮೊದಲ ಮಾತು ಇದು. “ನೋಡಮ್ಮ, ನನಗೆ ಓಡೋದು ಬೇಡ, ಕುಣಿಯೋದು ಬೇಡ. ನನ್ನ ಬಚ್ಚಲಿಗೆ ನಾನೊಬ್ಬಳೇ ಹೋಗಿ ಚಿಲಕ ಹಾಕ್ಕೋಬೇಕು. ಅಷ್ಟು ಮಾಡ್ಕೊಡು. ಸ್ವರ್ಗಕ್ಕೆ ಬೇಕಾದ್ರೆ ನಾಲ್ಕು ಜನ ಹೊತ್ಕೊಂಡು ಹೋಗ್ಲಿ, ಬಚ್ಚಲಿಗೆ ಬೇಡ.”

ನಗುತ್ತಲೇ ಹೇಳಿದರು, ಆದರೆ ಕಣ್ಣಲ್ಲಿ ನೀರಿತ್ತು.

ನಾಗರಾಜ ಸಾರ್ ನನ್ನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದರು. ಯುಗಾದಿ ಕಳೆಯುತ್ತಲೇ ಮನೆಯಲ್ಲೇ ಇರುವ ನರ್ಸ್ ಗೊತ್ತು ಮಾಡಿದ್ದಾರೆ, ಹಾಸಿಗೆಯ ಪಕ್ಕಕ್ಕೆ ಕಮೋಡ್ ಇರುವ ಕುರ್ಚಿ ಬರುತ್ತದೆ, ಆಮೇಲೆ ಅಮ್ಮ ಬಚ್ಚಲಿಗೆ ಹೋಗುವ ಅಗತ್ಯವೇ ಇಲ್ಲ. “ಅವತ್ತು ಬಾಗಿಲ ಆಚೆ ನಿಂತಿದ್ದೋನು ನಾನು ಮೇಡಂ” ಎಂದರು. ಅವರನ್ನು ಗದರಿಸಬೇಕೆಂದಿದ್ದವಳು ಅದನ್ನು ಬಿಟ್ಟು ಒಂದು ಒಪ್ಪಂದ ಮಾಡಿಕೊಂಡೆ. ಯುಗಾದಿಯೊಳಗೆ ಅಮ್ಮ ಯಾರ ಕೈಯೂ ಹಿಡಿಯದೆ ನೆಲದಿಂದ ಎದ್ದು ನಿಂತರೆ ನರ್ಸ್ ಬೇಡ, ಕುರ್ಚಿ ಬೇಡ, ಚಿಲಕ ವಾಪಸ್ಸು. ಬಿದ್ದರೂ ಎದ್ದೇಳಬಲ್ಲವರಿಗೆ ಬಾಗಿಲು ಮುಚ್ಚಿಕೊಳ್ಳುವ ಹಕ್ಕಿದೆ ಎಂದು ವಾದಿಸಿದೆ. ವಿಮೆಯವರಿಗೆ ಷರತ್ತುಗಳೆಂದರೆ ಇಷ್ಟ. ಒಪ್ಪಿದರು.

ಮೊದಲ ದಿನವೇ ಎಡವಟ್ಟಾಯಿತು. ಮೆಟ್ಟಿಲು ಹತ್ತುವ ಅಭ್ಯಾಸಕ್ಕೆ ಏನಾದರೂ ಎತ್ತರದ್ದು ಬೇಕಿತ್ತು. ಸುತ್ತ ನೋಡಿದೆ. ದೇವರಮನೆಯ ಹೊಸ್ತಿಲು ಹೇಳಿ ಮಾಡಿಸಿದ ಹಾಗಿತ್ತು. “ಅಜ್ಜೀ, ಇದರ ಮೇಲೆ ಹತ್ತಿ ಇಳೀರಿ” ಎಂದುಬಿಟ್ಟೆ. ಅರಿಶಿನ ಕುಂಕುಮ ಇಟ್ಟು ರಂಗೋಲಿ ಹಾಕಿದ ಹೊಸ್ತಿಲು! ವತ್ಸಲಾ ಅವರ ಕೈಯಿಂದ ಲೋಟ ಜಾರಿತು. ಕನಕಮ್ಮ ನನ್ನನ್ನೇ ನೋಡಿ, “ನಿಮ್ಮ ಕಾಲೇಜಲ್ಲಿ ಹೊಸ್ತಿಲು ಇರ್ಲಿಲ್ವೇನಮ್ಮ?” ಎಂದರು. ಅಂದಿನಿಂದ ಜಗಲಿಯ ಮೆಟ್ಟಿಲೇ ನಮ್ಮ ಜಿಮ್.

ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮಕ್ಕೆ ನಾನು ಒಂದು, ಎರಡು ಎಂದು ಎಣಿಸಿದರೆ ಅವರಿಗೆ ಸಿಟ್ಟು. “ನಾನೇನು ಶಾಲೆ ಮಗುವೇ?” ಎನ್ನುವರು. ಕೊನೆಗೆ ಅವರೇ ದಾರಿ ಕಂಡುಕೊಂಡರು. ಒಂದು ಸಲ ಎದ್ದರೆ ಮತ್ಸ್ಯ, ಇನ್ನೊಂದು ಸಲ ಎದ್ದರೆ ಕೂರ್ಮ, ಆಮೇಲೆ ವರಾಹ. ದಶಾವತಾರ ಮುಗಿಸಿದರೆ ಅಂದಿನ ಲೆಕ್ಕ ಮುಗಿಯಿತು. ಮೊದಮೊದಲು ವರಾಹನಿಗೇ ಉಸಿರು ಕಟ್ಟಿ ಕೂತುಬಿಡುತ್ತಿದ್ದರು. “ಭೂಮಿ ಎತ್ತೋದು ಸುಲಭಾನಾ? ಸುಸ್ತಾಯ್ತು ಪಾಪ” ಎಂದು ವರಾಹನ ಪರ ವಾದಿಸುವರು. ನೀವು ಎಷ್ಟು ಸಲ ಮಾಡಿಸಬೇಕೆಂದು ಪುಸ್ತಕ ನೋಡುತ್ತೀರಿ. ರೋಗಿಯ ಬಾಯಿಂದ ಬರುವ ಎಣಿಕೆ ಯಾವುದು ಎಂದೂ ಒಮ್ಮೆ ಕೇಳಿ ನೋಡಿ.

ಇಷ್ಟರಲ್ಲಿ ಅವರ ಮನೆಯ ಡಾಕ್ಟರು ರಕ್ತಪರೀಕ್ಷೆ ಮಾಡಿಸಿದರು. ಡಿ ತೀರ ಕೆಳಗಿತ್ತು. ವಾರಕ್ಕೊಮ್ಮೆ, ಶುಕ್ರವಾರ, ಒಂದು ಸಣ್ಣ ಪೊಟ್ಟಣದ ಪುಡಿಯನ್ನು ಹಾಲಿಗೆ ಹಾಕಿ ಕುಡಿಯಬೇಕೆಂದು ಬರೆದುಕೊಟ್ಟರು. ನಾಗರಾಜ ಸಾರ್ ಪ್ರತಿ ಶುಕ್ರವಾರ ಪೊಟ್ಟಣವನ್ನು ಅಮ್ಮನ ಕೈಗೇ ಕೊಟ್ಟು, ಖಾಲಿಯಾದದ್ದು ಕಸದ ಬುಟ್ಟಿಗೆ ಬಿದ್ದದ್ದನ್ನು ಕಣ್ಣಾರೆ ನೋಡಿ ಸಮಾಧಾನಪಡುತ್ತಿದ್ದರು.

ನರಸಿಂಹ ಬಂದ, ವಾಮನ ಬಂದ. ವಾಮನನ ಹತ್ತಿರ ನಿಂತುಹೋಯಿತು. ವಾರ ಕಳೆದು ವಾರ ಬಂದರೂ ಪರಶುರಾಮ ಕೊಡಲಿ ಹಿಡಿದು ಆಚೆಯೇ ನಿಂತಿದ್ದಾನೆ. ಸಂಕ್ರಾಂತಿ ಕಳೆದ ಮೇಲೆ ಮತ್ತೆ ರಕ್ತ ಕೊಟ್ಟರು. ಡಿ ಏರಿದ್ದರೂ ನಾಮಕಾವಸ್ತೆಗೆ. ಡಾಕ್ಟರಿಗೆ ಆಶ್ಚರ್ಯ. ಔಷಧಿ ಅಂಗಡಿಯವನ ಮೇಲೆ ಅನುಮಾನ ಪಟ್ಟರು, ಲ್ಯಾಬಿನ ಮೇಲೆ ಅನುಮಾನ ಪಟ್ಟರು, ಅಜ್ಜಿಯ ಕರುಳಿಗೆ ಅದು ಹಿಡಿಸುತ್ತಿಲ್ಲವೇನೋ ಎಂದರು. ನಾಗರಾಜ ಸಾರ್, “ಸಾಕು ಬಿಡಿ ಮೇಡಂ, ಅವರಿಗೆ ಹಿಂಸೆ ಕೊಟ್ಟಿದ್ದು ಸಾಕು” ಎಂದು ನರ್ಸಿನ ಏಜೆನ್ಸಿಗೆ ಫೋನ್ ಮಾಡಿದರು. ಅಂದು ಕನಕಮ್ಮ ಬಚ್ಚಲಿನಿಂದ ಹೇಳಿದ ತರಕಾರಿಗಳಲ್ಲಿ ಜೀವವೇ ಇರಲಿಲ್ಲ.

ಮುಂದಿನ ಶುಕ್ರವಾರ ನನಗೆ ಬೇರೊಂದು ಮನೆಯ ಕೆಲಸ ತಪ್ಪಿ, ಇಲ್ಲಿಗೆ ಬೇಗ ಬಂದೆ. ಪೂಜೆ ನಡೆಯುತ್ತಿತ್ತು, ಕನಕಮ್ಮ ಒಬ್ಬರೇ ಇದ್ದರು. ದೇವರಮನೆಯಲ್ಲಿ ಅಂಬೆಗಾಲಿಡುವ ಹಿತ್ತಾಳೆ ಕೃಷ್ಣ. ಅವನ ಮುಂದೆ ಬೆಳ್ಳಿ ಬಟ್ಟಲಲ್ಲಿ ಹಾಲು. ಕುರ್ಚಿಯಲ್ಲಿ ಕೂತ ಕನಕಮ್ಮ ಪೊಟ್ಟಣ ಕತ್ತರಿಸಿ, ಪುಡಿಯನ್ನೆಲ್ಲ ಆ ಬಟ್ಟಲಿಗೆ ಸುರಿದು, ತುಳಸಿ ಹಾಕಿ, ಗಂಟೆ ಬಾರಿಸಿ ನೈವೇದ್ಯ ಮಾಡಿದರು! ಆಮೇಲೆ ಗಂಟೆ ಕೇಳಿ ಬಂದ ಎಲ್ಲರಿಗೂ ಉದ್ಧರಣೆಯಲ್ಲಿ ಒಂದೊಂದೇ ಚಮಚ ಹಂಚಿದರು. ಮಗನಿಗೆ, ಸೊಸೆಗೆ, ಹೂ ತಂದವಳಿಗೆ, ಪಕ್ಕದ ಮನೆಯ ಇಬ್ಬರಿಗೆ. ನನ್ನ ಕೈಗೂ ಬಿತ್ತು. ಬಟ್ಟಲು ತೊಳೆದ ಹಾಲು ಹಿತ್ತಲ ಬೆಕ್ಕಿಗೆ. ಎಲ್ಲರಿಗಿಂತ ಕೊನೆಗೆ ತಮ್ಮ ಅಂಗೈಗೆ ಒಂದು ಚಮಚ ಹಾಕಿಕೊಂಡು, ಕುಡಿದು, ಕೈಯಲ್ಲಿ ಉಳಿದದ್ದನ್ನು ಭಕ್ತಿಯಿಂದ ತಲೆಗೆ ಸವರಿಕೊಂಡರು. ಡಾಕ್ಟರು ತೊಡೆಗೆಂದು ಬರೆದ ಔಷಧಿಯಲ್ಲಿ ಸ್ವಲ್ಪ ಭಾಗ ಕೂದಲಿಗೂ ಹೋಗುತ್ತಿತ್ತು.

ನಾನು ಚಮಚ ಹಾಲು ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟೆ. ಎಷ್ಟೋ ಶುಕ್ರವಾರಗಳಿಂದ, ತಡವಾಗಿ ಬಂದರೂ ನನಗೆಂದು ಎತ್ತಿಟ್ಟಿರುತ್ತಿದ್ದ ಈ ಪ್ರಸಾದ ನುಂಗುತ್ತಿದ್ದೆ. ಸಿಹಿಯಾಗಿದೆ, ಈ ಮನೆಯಲ್ಲಿ ಸಕ್ಕರೆ ಧಾರಾಳ ಎಂದುಕೊಂಡಿದ್ದೆ.

“ಅಜ್ಜೀ! ಅದು ನಿಮ್ಮ ಔಷಧಿ!”

“ಗೊತ್ತು ಕಣಮ್ಮ. ಒಳ್ಳೇದು ಅಂತಲೇ ಡಾಕ್ಟರು ಕೊಟ್ಟಿರೋದು. ಒಳ್ಳೇದನ್ನ ದೇವರಿಗೆ ತೋರಿಸ್ದೇ ನುಂಗ್ಲಾ? ತೋರಿಸಿದ್ಮೇಲೆ ಪ್ರಸಾದ ಆಯ್ತು. ಪ್ರಸಾದಾನ ಒಬ್ಬಳೇ ತಿನ್ನೋಕಾಗತ್ತಾ?” ಎಂದರು. ಆಮೇಲೆ ಹಿತ್ತಾಳೆ ಕೃಷ್ಣನನ್ನು ತೋರಿಸಿ, “ಅಲ್ದೇ, ಇವನನ್ನ ನೋಡು. ನಾನು ಮದುವೆಯಾಗಿ ಬಂದಾಗಿನಿಂದ ಅಂಬೆಗಾಲಲ್ಲೇ ಇದಾನೆ. ಈ ಕತ್ತಲೆ ಕೋಣೇಲಿ ಬಿಸಿಲೆಲ್ಲಿಂದ ಬರಬೇಕು? ಅವನಿಗೂ ಬೇಕಲ್ವಾ?” ಎಂದರು.

ವತ್ಸಲಾ ಗೋಡೆಗೆ ಒರಗಿ ನಗುತ್ತ ನಗುತ್ತ ನೆಲಕ್ಕೇ ಇಳಿದರು. ನಾಗರಾಜ ಸಾರ್ ಹಣೆ ಚಚ್ಚಿಕೊಂಡರು. “ಅದಕ್ಕೇ ನೋಡಿ, ಈ ಚಳಿಗಾಲದಲ್ಲಿ ನನ್ನ ಮಂಡಿನೋವು ಕಡಿಮೆ” ಎಂದು ಹೂವಿನವಳು ಹೇಳಿದಳು. ಬೆಕ್ಕು ಒಂದೇ ನೆಗೆತಕ್ಕೆ ಕಾಂಪೌಂಡು ಹತ್ತಿತು. ಅದು ಮೊದಲಿನಿಂದಲೂ ಹತ್ತುತ್ತಿತ್ತು ಎನ್ನುವುದು ಬೇರೆ ಮಾತು.

ಡಾಕ್ಟರಿಗೆ ಫೋನಿನಲ್ಲಿ ಹೇಳಿದೆ. ಬಹಳ ಹೊತ್ತು ಬರೀ ಉಸಿರಾಟ ಕೇಳಿಸಿತು, ನಗುತ್ತಿದ್ದರು. ಹಂಚಲಾಗದ ಹಾಗೆ ಮಾತ್ರೆ ಬರೆದುಕೊಟ್ಟರು. ಕನಕಮ್ಮ ಮಾತ್ರೆಯನ್ನು ತುಳಸಿಯ ಮೇಲಿಟ್ಟು ನೈವೇದ್ಯ ಮಾಡಿ, ಎಲೆಯಡಿಕೆಯ ಕುಟ್ಟಾಣಿ ಕೇಳಿದರು. ಪುಡಿ ಮಾಡಿ ಹಂಚುವುದಕ್ಕೆ! ವತ್ಸಲಾ ಕುಟ್ಟಾಣಿಯನ್ನು ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟರು. ಕೊನೆಗೆ ಡಾಕ್ಟರೇ ಮನೆಗೆ ಬಂದರು. “ಅಜ್ಜಿ, ನಿಮಗೆ ಬರೆದದ್ದನ್ನ ಬೇರೆಯವರಿಗೆ ಕೊಡಬಾರದು. ಇದು ಮೈಯಲ್ಲಿ ಉಳಕೊಳ್ಳೋ ಔಷಧಿ. ಬೇಡದವರಿಗೆ ಜಾಸ್ತಿಯಾದ್ರೆ ವಾಂತಿ, ಸುಸ್ತು, ಕಿಡ್ನಿಗೂ ತೊಂದರೆ” ಎಂದರು.

ಕನಕಮ್ಮನವರ ಮುಖ ಬಾಡಿತು. “ಅಯ್ಯೋ, ಆ ಹೂವಿನ ಹುಡುಗಿಗೆ ಏನಾದ್ರೂ ಆಗಿದ್ರೆ?”

“ಒಂದು ಚಮಚಕ್ಕೆ ಏನೂ ಆಗಲ್ಲ. ಇನ್ಮೇಲೆ ಬೇಡ, ಅಷ್ಟೇ.”

“ಮತ್ತೆ ಕೃಷ್ಣನಿಗೆ?”

ಡಾಕ್ಟರು ಗಂಭೀರವಾಗಿ ಯೋಚಿಸಿದರು. “ಅವನು ಚಿಕ್ಕವನು. ಬಿಸಿಲಿಗೆ ಕೂರಿಸಿದ್ರೆ ಸಾಕು.”

ಅಂದಿನಿಂದ ದೇವರಿಗೆ ಬರೀ ಹಾಲು, ಕನಕಮ್ಮನವರಿಗೆ ಇಡೀ ಮಾತ್ರೆ. ನಾಗರಾಜ ಸಾರ್ ಏಜೆನ್ಸಿಗೆ ಮತ್ತೆ ಫೋನ್ ಮಾಡಿ, ಯುಗಾದಿಯವರೆಗೆ ನರ್ಸ್ ಬೇಡ ಎಂದರು. ಊಟದಲ್ಲಿ ಬೇಳೆ, ಮೊಸರು ಹೆಚ್ಚಿಸಿದೆವು. ಬಚ್ಚಲ ಗೋಡೆಗೆ ಹಿಡಿಕೆಯ ಕಂಬಿ, ನೆಲಕ್ಕೆ ಜಾರದ ರಬ್ಬರ್ ಚಾಪೆ ಬಂತು. ನೆಲದಿಂದ ಏಳುವುದನ್ನು ತುಂಡು ತುಂಡಾಗಿ ಕಲಿಸಿದೆ. ಮೊದಲು ಮಗ್ಗುಲಾಗುವುದು, ಆಮೇಲೆ ಅಂಬೆಗಾಲಿಗೆ ಬರುವುದು, ಗಟ್ಟಿಯಾದ್ದೇನಾದರೂ ಹಿಡಿದು ಒಂದು ಪಾದ ಮುಂದಿಡುವುದು, ತೊಡೆಗೆ ಭಾರ ಕೊಟ್ಟು ಏಳುವುದು. ಅಂಬೆಗಾಲಿನ ಭಂಗಿಯಲ್ಲಿ ದೇವರಮನೆಯ ಕಡೆ ತಿರುಗಿ, “ನೋಡೋ, ಇಬ್ಬರೂ ಒಂದೇ ಹಾಗಾದ್ವಿ” ಎಂದು ಕೃಷ್ಣನಿಗೆ ಹೇಳುವರು. ಅಷ್ಟಾದರೂ ಎದ್ದು ನಿಲ್ಲುವ ಕೊನೆಯ ಹಂತಕ್ಕೆ ನಮ್ಮ ಯಾರದಾದರೂ ಕೈ ಬೇಕಾಗುತ್ತಿತ್ತು.

ಶಿವರಾತ್ರಿ ಕಳೆದು ಬಿಸಿಲು ಕಾಯತೊಡಗಿದಾಗ ಪರಶುರಾಮ ಒಳಗೆ ಬಂದ. ಅವನ ಹಿಂದೆಯೇ ರಾಮ. ಕೃಷ್ಣ ಬಂದ ದಿನ ವತ್ಸಲಾ ಪಾಯಸ ಮಾಡಿದರು. ಆಮೇಲೊಂದು ಬೆಳಿಗ್ಗೆ ಕನಕಮ್ಮ ಬುದ್ಧನನ್ನು ದಾಟಿ, “ಕಲ್ಕೀ...” ಎಂದು ಬೀದಿಗೆ ಕೇಳುವ ಹಾಗೆ ಕೂಗಿ ಎದ್ದು ನಿಂತರು. ನಾನು ಅವರ ಎರಡೂ ಕೈ ಹಿಡಿದು ಕುಣಿದೇಬಿಟ್ಟೆ. ರೋಗಿಯ ಮುಂದೆ ಕುಣಿಯಬಾರದೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ, ಹುಡುಕಿ ನೋಡಿ.

ಯುಗಾದಿ ಹತ್ತಿರ ಬಂತು. “ಪರೀಕ್ಷೆ ಎಲ್ಲಿ?” ಎಂದು ನಾಗರಾಜ ಸಾರ್ ಕೇಳಿದರು.

“ತಾರಸೀಲಿ. ಸಂಡಿಗೆ ಇಡೋ ದಿನ” ಎಂದರು ಕನಕಮ್ಮ.

ಬೇಸಿಗೆ ಬಂದರೆ ಆ ಮನೆಯ ತಾರಸಿಯಲ್ಲಿ ಸಂಡಿಗೆ ಹಾಕುವುದೂ ಕಾಗೆ ಕಾಯುವುದೂ ಕನಕಮ್ಮನವರ ಖಾತೆ. ಬೀಗ ಬಿದ್ದ ಮೇಲೆ ಅಂಗಡಿಯ ಸಂಡಿಗೆ ಬರುತ್ತಿತ್ತು. ಅದನ್ನು ಅವರು ಬಾಯಿಗೂ ಹಾಕುತ್ತಿರಲಿಲ್ಲ. ಈಗ ನಾಗರಾಜ ಸಾರ್ ಬೀಗ ತೆಗೆದರು. ಮೆಟ್ಟಿಲಿನ ಕಂಬಿ ಹಿಡಿದು ಕನಕಮ್ಮ ಮುಂದೆ, ಎರಡೂ ಕೈ ಚಾಚಿಕೊಂಡು ಮಗ ಹಿಂದೆ, ಅವರ ಹಿಂದೆ ನಾನು, ನನ್ನ ಹಿಂದೆ ಹಿಟ್ಟಿನ ಪಾತ್ರೆ ಹೊತ್ತ ವತ್ಸಲಾ. ಅಂಬೆಗಾಲು ಕೃಷ್ಣ ನನ್ನ ಸೆರಗಿನಲ್ಲಿದ್ದ. ಡಾಕ್ಟರ ಆಜ್ಞೆಯಂತೆ ಅವನನ್ನೂ ಬಿಸಿಲಿಗೆ ಕೂರಿಸಬೇಕಿತ್ತು.

ತಾರಸಿಗೆ ಕಾಲಿಟ್ಟ ಕನಕಮ್ಮ ಮುಖವೆತ್ತಿ ಬಿಸಿಲಿಗೆ ಒಡ್ಡಿದರು.

ಹಾಳೆ ಹಾಸಿದೆವು. ಎಲ್ಲರೂ ಚಾಪೆಯ ಮೇಲೆ ಕೂತು ಚಮಚದಲ್ಲಿ ಹಿಟ್ಟು ಬಿಡತೊಡಗಿದೆವು. ಕನಕಮ್ಮ ನೀರಿನ ತೊಟ್ಟಿಯ ಕಟ್ಟೆಗೆ ಒರಗಿ ನೆಲದ ಮೇಲೆ ಕೂತು ಮೇಲ್ವಿಚಾರಣೆ ಮಾಡುತ್ತಿದ್ದರು. ಹಸಿಮೆಣಸಿನಕಾಯಿ, ಜೀರಿಗೆ, ನಿಂಬೆಹುಳಿ ಹಾಕಿದ ಬಿಸಿ ಹಿಟ್ಟು. ಹಾಳೆಗೆ ಹೋದಷ್ಟೇ ನನ್ನ ಬಾಯಿಗೂ ಹೋಯಿತು. “ಎಲ್ಲ ಮುಗಿದ ಮೇಲೆ ಪರೀಕ್ಷೆ” ಎಂದು ನಾಗರಾಜ ಸಾರ್ ಮತ್ತೆ ಮತ್ತೆ ಹೇಳುತ್ತಿದ್ದರು. ಅವರ ಕೈ ಜೇಬಿನ ಚಿಲಕವನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು. ಅವರಿಗೇ ಹೆಚ್ಚು ಭಯ. ಅಮ್ಮ ಸೋತರೆ ಏನು ಹೇಳುವುದೆಂದು ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಒಂದು ಕಾಗೆ ಬಂತು. ಹಾಳೆಯ ಆ ಕೊನೆಯಲ್ಲಿ ಇಳಿದು, ಕತ್ತು ಓರೆ ಮಾಡಿ ನಮ್ಮನ್ನೆಲ್ಲ ನೋಡಿ, ನಿಧಾನವಾಗಿ ಒಂದು ಸಂಡಿಗೆ ಎತ್ತಿತು. ಇನ್ನೊಂದಕ್ಕೆ ಕೊಕ್ಕು ಹಾಕಿತು. ನಮ್ಮ ಕೈಯೆಲ್ಲ ಹಿಟ್ಟು.

“ಹೋಯ್! ನಿನ್ನ ಮನೆ ಕಾಯ್ವಾಗ! ನನ್ನ ಸಂಡಿಗೆ ಕಣೋ ಅದು!”

ತಿರುಗಿ ನೋಡುತ್ತೇವೆ, ಕನಕಮ್ಮ ನಿಂತಿದ್ದಾರೆ. ಒಂದು ಕೈಯಲ್ಲಿ ಕಾಗೆ ಓಡಿಸುವ ಕೋಲು, ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದ ಸೆರಗು. ಮಗ್ಗುಲಾದದ್ದು ಯಾವಾಗ, ಮಂಡಿಯೂರಿದ್ದು ಯಾವಾಗ, ತೊಟ್ಟಿಯ ಕಟ್ಟೆ ಹಿಡಿದು ಎದ್ದದ್ದು ಯಾವಾಗ, ನಾವು ಯಾರೂ ನೋಡಿಲ್ಲ! ನಾಲ್ಕು ತಿಂಗಳಿನಿಂದ ಕಾದಿದ್ದ ಪರೀಕ್ಷೆ ನಮ್ಮ ಬೆನ್ನ ಹಿಂದೆ ಮುಗಿದುಹೋಗಿತ್ತು. ಕಾಗೆ ಹಾರಿತು. ಅದೊಂದೇ ಸಾಕ್ಷಿ.

“ಯಾಕೆ ಎಲ್ಲ ಬಾಯಿ ಬಿಟ್ಕೊಂಡು ಕೂತಿದೀರಿ?” ಎಂದ ಅವರಿಗೆ, ತಾವು ನಿಂತಿರುವುದು ಆಮೇಲೆ ಅರಿವಾಯಿತು. ಕೆಳಗೆ ತಮ್ಮ ಪಾದ ನೋಡಿಕೊಂಡರು. ಮಗನ ಕಡೆ ನೋಡಿದರು. “ಇದು ಲೆಕ್ಕಕ್ಕುಂಟೋ ಇಲ್ಲವೋ? ಬೇಕಾದ್ರೆ ಇನ್ನೊಂದ್ಸಲ ಕೂತು ಏಳ್ತೀನಿ.”

“ಬೇಡಮ್ಮ” ಎಂದರು ನಾಗರಾಜ ಸಾರ್. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಳ್ಳಲು ಹೋಗಿ, ಮೆಣಸಿನಕಾಯಿ ಉರಿದು, ಅತ್ತದ್ದು ಯಾವುದಕ್ಕೆ ಎಂದು ಯಾರಿಗೂ ತಿಳಿಯದ ಹಾಗಾಯಿತು. ಜೇಬಿನಿಂದ ಚಿಲಕ ತೆಗೆದು ಅಮ್ಮನ ಅಂಗೈಯಲ್ಲಿಟ್ಟರು.

ಅವರೆಲ್ಲ ಕೆಳಗೆ ಹೊರಟರು. ನಾನೂ ಏಳಲು ನೋಡಿದೆ. ಮಂಡಿ ಕೇಳಲಿಲ್ಲ. ಇನ್ನೊಮ್ಮೆ ನೋಡಿದೆ. ಊಹೂಂ. ಜೀವಮಾನವೆಲ್ಲ ಮೂಗಿನ ತುದಿಗೆ ಮಾತ್ರ ಬಿಸಿಲು ತೋರಿಸಿದವಳು ಚಾಪೆಗೆ ಅಂಟಿಕೊಂಡಿದ್ದೆ, ಹಿತ್ತಾಳೆ ಕೃಷ್ಣ ಪಕ್ಕದಲ್ಲಿ ನಗುತ್ತಿದ್ದ. ಬಾಗಿಲ ಹತ್ತಿರ ತಲುಪಿದ್ದ ಕನಕಮ್ಮ ತಿರುಗಿ ನೋಡಿದರು. ಎಲ್ಲ ಅರ್ಥವಾಯಿತು ಅವರಿಗೆ. ಕೋಲೂರಿಕೊಂಡು ವಾಪಸು ಬಂದು ನನ್ನ ಮುಂದೆ ನಿಂತು, “ಯಾರೂ ಮುಟ್ಬೇಡಿ ಅವಳನ್ನ” ಎಂದು ಹುಕುಂ ಮಾಡಿದರು. “ಹೂಂ, ಮಗ್ಗುಲಾಗು. ಅಂಬೆಗಾಲಿಗೆ ಬಾ. ಮತ್ಸ್ಯದಿಂದ ಶುರು ಮಾಡು.”

ಕೆಳಗೆ ಬಂದು ನಾಗರಾಜ ಸಾರ್ ಕೈಯಾರೆ ಚಿಲಕ ಕೂರಿಸಿದರು. ನಾನು ಅವರ ಕಿವಿಯಲ್ಲಿ, “ಗಿಡ್ಡ ಸ್ಕ್ರೂ ಹಾಕಿ ಸಾರ್, ಹೊರಗಿನಿಂದ ಹೆಗಲು ಕೊಟ್ಟರೆ ಚಿಲಕ ಕಿತ್ತು ಬಂದುಬಿಡಬೇಕು” ಎಂದಿದ್ದೆ. ಈ ಕೆಲಸಕ್ಕೆ ಬರುವ ನಿಮಗೂ ಇದನ್ನೇ ಹೇಳುತ್ತೇನೆ. ಅವರ ಹಠವನ್ನೂ ಗೆಲ್ಲಿಸಿ, ಗಿಡ್ಡ ಸ್ಕ್ರೂವನ್ನೂ ಹಾಕಿಸಿ. ಕನಕಮ್ಮನವರಿಗೆ ಮಾತ್ರ ತಿಳಿಸಬೇಡಿ, ಅವರು ಈಗಲೂ ಪ್ರತಿ ಬೇಸಿಗೆ ನನ್ನನ್ನು ಕಾಗೆ ಕಾಯಲು ಕರೆಯುತ್ತಾರೆ.

ಆ ದಿನ ಚಿಲಕ ಕೂರಿಸಿದ ಮೇಲೆ ಕನಕಮ್ಮ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದಾಯಿತು. ನಾವೆಲ್ಲ ಹೊರಗೆ ಬಾಗಿಲಿಗೆ ಕಿವಿಗೊಟ್ಟು ನಿಂತೆವು. ಒಳಗೆ ನೀರು ಬೀಳುವ ಸದ್ದು, ಆಮೇಲೆ ಅದೂ ಇಲ್ಲ. ಒಂದು ಬದನೆಕಾಯಿ ಇಲ್ಲ, ಒಂದು ಹೀರೇಕಾಯಿ ಇಲ್ಲ. ನಾಗರಾಜ ಸಾರ್ ಬೆವರತೊಡಗಿದರು. ವತ್ಸಲಾ ಅವರ ತೋಳು ಹಿಡಿದುಕೊಂಡರು. ಕೊನೆಗೆ ತಡೆಯಲಾರದೆ ಅವರು ಬಾಗಿಲಿಗೆ ಬಾಯಿಟ್ಟು, “ಅಮ್ಮಾ, ತರಕಾರಿ!” ಎಂದು ಕೂಗಿದರು.

“ಸಂತೆ ಮುಗೀತು ಕಣೋ” ಎಂದರು ಒಳಗಿನಿಂದ. “ಹೋಗು, ಕಾಫಿ ಕುಡಿ.”